ಗೆಲಾಕ್ಸಿಯ ಅಂಚು ಎಲ್ಲಿದೆ?

ಸುರುಳಿ ಗೆಲಾಕ್ಸಿಯ ಚಿತ್ರ ತೋರಿಸಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ನಡುವಿನ ಹೊಳಪಿಗೆ. ಆ ಹಳದಿ ಬೆಳಕು ಬಹುಪಾಲು ವಯಸ್ಸಾದ ನಕ್ಷತ್ರಗಳದು. ಅಲ್ಲಿ ಆಗಬೇಕಾದದ್ದು ಹೆಚ್ಚುಕಡಿಮೆ ಆಗಿಹೋಗಿದೆ. ಗೆಲಾಕ್ಸಿ ಈಗ ಎಲ್ಲಿ ಬೆಳೆಯುತ್ತಿದೆ ಎಂದು ತಿಳಿಯಬೇಕಾದರೆ ನೇರಳಾತೀತ ಬೆಳಕಿನಲ್ಲಿ ನೋಡಬೇಕು.

ನೇರಳಾತೀತವನ್ನು ಧಾರಾಳವಾಗಿ ಸೂಸುವುದು ಸೂರ್ಯನಿಗಿಂತ ಹಲವು ಪಟ್ಟು ತೂಕದ, ಕುದಿಬಿಸಿ ನಕ್ಷತ್ರಗಳು. ಇವು ಅಲ್ಪಾಯುಷಿಗಳು. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷವಾದರೆ ಇವುಗಳ ಆಟ ಬಹುತೇಕ 10 ಕೋಟಿಯೊಳಗೇ ಮುಗಿಯುತ್ತದೆ. ಹಾಗಾಗಿ ಈ ಬೆಳಕು ಕಂಡಲ್ಲಿ ಇತ್ತೀಚೆಗೆ ಹೆರಿಗೆಯಾಗಿದೆ ಎಂದೇ ಅರ್ಥ. ಖಗೋಳ ವಿಜ್ಞಾನಿಗಳಾದ ನಮ್ಮ ಲೆಕ್ಕದಲ್ಲಿ 10 ಕೋಟಿ ವರ್ಷ ಎಂದರೆ ಇತ್ತೀಚೆಗೆ!

ಈ ಬೆಳಕನ್ನು ನಮ್ಮ ವಾತಾವರಣ ನುಂಗಿಬಿಡುವುದರಿಂದ ದೂರದರ್ಶಕ ಮೇಲಕ್ಕೆ ಹೋಗಲೇಬೇಕು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಟ್ ಎಂಬ ಜೋಡಿ ನೇರಳಾತೀತ ದೂರದರ್ಶಕವಿದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದೆ ನಿಂತು ಹೊಸಕೋಟೆಯಲ್ಲಿ ಜೋಡಿಸಿದ್ದು. ಒಂದೊಂದು ಕನ್ನಡಿಯೂ 37.5 ಸೆಂ.ಮೀ. ಅಗಲ, ಅಷ್ಟೇ. ಯುವಿಟ್ ಫೋಟೋ ತೆಗೆಯುವುದಿಲ್ಲ, ಫೋಟಾನ್ (ಬೆಳಕಿನ ಕಣ) ಎಣಿಸುತ್ತದೆ. ಸೆಕೆಂಡಿಗೆ ಇಪ್ಪತ್ತೆಂಟರಷ್ಟು ಫ್ರೇಮ್. ಒಂದೊಂದರಲ್ಲೂ ಅಲ್ಲೊಂದು ಇಲ್ಲೊಂದು ಚುಕ್ಕೆ. ಉಪಗ್ರಹ ಸದಾ ಸ್ವಲ್ಪ ತೇಲಾಡುವುದರಿಂದ, ಆ ಜಾರುವಿಕೆಯನ್ನು ಕಳೆದು ಚುಕ್ಕೆಗಳನ್ನು ಒಂದರ ಮೇಲೊಂದು ಕೂರಿಸಿದ ಮೇಲೆ ಗೆಲಾಕ್ಸಿ ಮೂಡುತ್ತದೆ. ಪ್ರಖರ ನೀಲಿ ನಕ್ಷತ್ರವೊಂದು ಪಕ್ಕದಲ್ಲಿದ್ದರೆ ಡಿಟೆಕ್ಟರಿಗೇ ಕುತ್ತು. ಆ ಒಂದು ನಕ್ಷತ್ರದ ದೆಸೆಯಿಂದ ಚೆಂದದ ಗೆಲಾಕ್ಸಿಯನ್ನೇ ಕೈಬಿಡಬೇಕಾಗುತ್ತದೆ, ಹೊಟ್ಟೆ ಉರಿಯುತ್ತದೆ.

ಅಂಚಿನ ವಿಷಯ ಬಯಲಾದದ್ದು ಇದಕ್ಕೂ ಮೊದಲು. ನಾಸಾದ ನೇರಳಾತೀತ ದೂರದರ್ಶಕ ಗ್ಯಾಲೆಕ್ಸ್ 2005ರ ಹೊತ್ತಿಗೆ, ಸುಮಾರು 1.5 ಕೋಟಿ ಜ್ಯೋತಿರ್ವರ್ಷ ದೂರದ ಎಂ83 ಎಂಬ ಸುರುಳಿ ಗೆಲಾಕ್ಸಿಯ ಸುತ್ತ, ಮಾಮೂಲಿ ಚಿತ್ರಗಳಲ್ಲಿ ಬರೀ ಕತ್ತಲೆಯಿದ್ದಲ್ಲಿ ನೀಲಿ ಎಳೆಗಳನ್ನು ಕಂಡಿತು. ಗೆಲಾಕ್ಸಿ ಮುಗಿಯಿತು ಎಂದುಕೊಂಡ ಜಾಗದಾಚೆಗೂ ನಕ್ಷತ್ರಗಳು ಹುಟ್ಟುತ್ತಿದ್ದವು. ಹತ್ತಿರದ ಸುರುಳಿ ಗೆಲಾಕ್ಸಿಗಳಲ್ಲಿ ಮೂರಕ್ಕೊಂದರಷ್ಟಕ್ಕೆ ಇಂಥ ಹೊರಸೆರಗು ಇದೆ. ನಡುವಿನ ದಟ್ಟ ಅನಿಲ ಬೇಗ ಖರ್ಚಾಗುತ್ತದೆ; ತಡವಾಗಿ ಬಂದು ಸೇರುವ ಅನಿಲ ಸುತ್ತುವ ರಭಸವನ್ನು ಹೆಚ್ಚು ಹೊತ್ತು ಬರುವುದರಿಂದ ನಡುವಿಗೆ ಇಳಿಯಲಾರದೆ ಹೊರಗೇ ನೆಲೆಯಾಗುತ್ತದೆ. ಬೆಳವಣಿಗೆ ಒಳಗಿನಿಂದ ಹೊರಕ್ಕೆ ಸಾಗುವುದು ಹೀಗೆ. ಗ್ಯಾಲೆಕ್ಸ್‌ಗೆ ಒಂದೇ ಮಸುಕು ಗುಡ್ಡೆಯಾಗಿ ಕಂಡದ್ದು, ಅದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಸೂಕ್ಷ್ಮ ವಿವರ ಕಾಣಬಲ್ಲ ಯುವಿಟ್‌ನಲ್ಲಿ ಬೇರೆಬೇರೆ ಗುಂಪುಗಳಾಗಿ ಬಿಡಿಸಿಕೊಳ್ಳುತ್ತದೆ.

ದೂಳಿನ ಕಾಟ ಒಂದಿದೆ. ಅದು ನೇರಳಾತೀತವನ್ನು ಹೀರಿ ಎಳೆಯ ನಕ್ಷತ್ರಗಳನ್ನು ಹಳೆಯವೆಂಬಂತೆ ತೋರಿಸುತ್ತದೆ. ನಡುಭಾಗಕ್ಕೆ ಅವಕೆಂಪು (ಇನ್‌ಫ್ರಾರೆಡ್) ಚಿತ್ರದ ಸಾಕ್ಷ್ಯ ಇಲ್ಲದೆ ನಾನು ಬಾಯಿ ಬಿಡುವುದಿಲ್ಲ. ಹೊರಗೆ ದೂಳು ಕಡಿಮೆ, ಧೈರ್ಯ ಹೆಚ್ಚು. ಆದರೂ ಅಲ್ಲಿ ಕಂಡ ಪ್ರತಿ ನೀಲಿ ಚುಕ್ಕೆಯೂ ಆ ಗೆಲಾಕ್ಸಿಯ ಕೂಸಲ್ಲ. ಎಷ್ಟೋ ಚುಕ್ಕೆಗಳು ಅದರ ಹಿಂದೆ ಬಹುದೂರದಲ್ಲಿರುವ ಬೇರೆ ಗೆಲಾಕ್ಸಿಗಳು. ಅದಕ್ಕೇ ಹೈಡ್ರೋಜನ್ ಅನಿಲದ 21 ಸೆಂ.ಮೀ. ಅಲೆಯುದ್ದದ ರೇಡಿಯೋ ನಕ್ಷೆ ಪಕ್ಕದಲ್ಲಿರಬೇಕು. ಚುಕ್ಕೆ ಅನಿಲದ ಎಳೆಯ ಮೇಲೆ ಕೂತಿದ್ದರೆ ಪಟ್ಟಿಗೆ ಸೇರಿಸುತ್ತೇವೆ. ಬರಿದಾದ ಜಾಗದಲ್ಲಿದ್ದರೆ, ಎಷ್ಟೇ ನೀಲಿಯಾಗಿದ್ದರೂ, ಸದ್ಯಕ್ಕೆ ಹೊರಗೇ.