ಗಾಥಿಕ್ ಕಲ್ಪನೆ: ಕಪಾಟಿನೊಳಗಿನ ಕಾಗದದ ಸುರುಳಿ

ಗಾಥಿಕ್ ಕಾದಂಬರಿಯನ್ನು ‘ದೆವ್ವದ ಕಥೆ’ ಎಂದುಬಿಟ್ಟರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ. ಗಾಥ್ ಎಂಬ ಜರ್ಮನಿಕ್ ಬುಡಕಟ್ಟಿನ ಹೆಸರು ಮಧ್ಯಯುಗದ ಚೂಪು ಕಮಾನಿನ ಕಟ್ಟಡಗಳಿಗೆ ಅಂಟಿಕೊಂಡು, ಅಲ್ಲಿಂದ ಸಾಹಿತ್ಯಕ್ಕೆ ಬಂತು. ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ತನ್ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದ ಎರಡನೇ ಮುದ್ರಣವನ್ನು (1765) ‘ಗಾಥಿಕ್ ಕಥೆ’ ಎಂದು ಕರೆದ. ಪಾಳು ಕೋಟೆ, ಬೀಗ ಬಿದ್ದ ಕೋಣೆ, ದರ್ಪದ ಯಜಮಾನ, ಅವನ ಕೈಗೆ ಸಿಕ್ಕ ಹೆಣ್ಣುಮಗಳು: ಸಾಮಗ್ರಿ ಇಷ್ಟೇ. ಆನ್ ರ್ಯಾಡ್‌ಕ್ಲಿಫ್ ಕಾದಂಬರಿಗಳಲ್ಲಿ ದೆವ್ವ ಎನಿಸಿದ್ದಕ್ಕೆ ಕೊನೆಗೆ ಲೌಕಿಕ ಕಾರಣವೇ ಸಿಗುತ್ತದೆ. ಆಕೆಯ ‘ಉಡಾಲ್ಫೊ’ ಕಾದಂಬರಿಯ (1794) ಕಪ್ಪು ಪರದೆಯ ಹಿಂದಿದ್ದದ್ದು ಹೆಣವಲ್ಲ, ಮೇಣದ ಬೊಂಬೆ.

ಇಂಥವನ್ನು ಓದಿ ಓದಿ, ಕಂಡದ್ದನ್ನೆಲ್ಲ ಅದೇ ಅಚ್ಚಿಗೆ ಎರಕ ಹೊಯ್ಯುವ ಮನಸ್ಸಿನ ರೂಢಿಯೇ ಗಾಥಿಕ್ ಕಲ್ಪನೆ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಸತ್ತ ಮೇಲೆ, 1817ರ ಡಿಸೆಂಬರಿನಲ್ಲಿ ಹೊರಬಂದ ಆಕೆಯ ‘ನಾರ್ಥ್ಯಾಂಗರ್ ಅಬ್ಬೆ’ಯ ನಾಯಕಿ ಕ್ಯಾಥರಿನ್ ಇದಕ್ಕೆ ಒಳ್ಳೆಯ ಉದಾಹರಣೆ. ವಯಸ್ಸು 17. ಹಳೆಯ ಮಠವೇ ಮನೆಯಾದ ಜಾಗಕ್ಕೆ ಅತಿಥಿಯಾಗಿ ಬಂದಿದ್ದಾಳೆ. ಬಿರುಗಾಳಿಯ ರಾತ್ರಿ, ಕಪ್ಪು-ಹಳದಿ ಮೆರುಗಿನ ಕಪಾಟು. ಕೀಲಿ ತಿರುಗಿಸಿದರೂ ಬಾಗಿಲು ಬರದು. ಹೇಗೋ ತೆರೆದು ನೋಡಿದರೆ ಒಳಗೊಂದು ಕಾಗದದ ಸುರುಳಿ. ಬೆಳಕು ಹೆಚ್ಚಲೆಂದು ಬತ್ತಿಯ ಕುಡಿ ಕತ್ತರಿಸಲು ಹೋಗಿ ಮೇಣದಬತ್ತಿಯನ್ನೇ ಆರಿಸುತ್ತಾಳೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗ್ಗೆ ನೋಡಿದರೆ ಅಂಗಿ, ಕಾಲುಚೀಲ ಒಗೆಸಿದ ಲೆಕ್ಕ, ಜೊತೆಗೆ ಕುದುರೆಯ ಆರೈಕೆಯ ಬಿಲ್ಲು. ಕಪಾಟಿಗೆ ಮೊದಲು ಬೀಗವೇ ಇರಲಿಲ್ಲವೇನೋ, ಹಾಕಿದವಳು ತಾನೇ ಇರಬೇಕು ಎಂದು ಅವಳಿಗೆ ಆಮೇಲೆ ಹೊಳೆಯುತ್ತದೆ. ಈ ಕಲ್ಪನೆ ಕೆಲಸ ಮಾಡುವ ಬಗೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು: ರಹಸ್ಯವನ್ನು ತಾನೇ ಬೀಗ ಹಾಕಿಟ್ಟು, ತಾನೇ ಹುಡುಕುವುದು.

ಮುಂದೆ ಅವಳು ಮನೆಯೊಡೆಯ ಜನರಲ್ ಟಿಲ್ನಿಯೇ ಹೆಂಡತಿಯನ್ನು ಕೊಂದಿರಬೇಕೆಂದು ಶಂಕಿಸಿ, ಆತನ ಮಗ ಹೆನ್ರಿಯ ಕೈಗೆ ಸಿಕ್ಕಿಬಿದ್ದು ನಾಚಿ ಅಳುತ್ತಾಳೆ. ಹಲವರು ಇಲ್ಲಿಗೇ ನಿಲ್ಲಿಸಿ, ಕಾದಂಬರಿ ಓದಿ ಕೆಡುವ ಹುಡುಗಿಯರಿಗೆ ಇದು ಬುದ್ಧಿಮಾತು ಎನ್ನುತ್ತಾರೆ. ಅದು ಆಸ್ಟಿನ್‌ಗೆ ಮಾಡುವ ಅನ್ಯಾಯ. ಕ್ಯಾಥರಿನ್ ಶ್ರೀಮಂತಳಲ್ಲ ಎಂದು ತಿಳಿದದ್ದೇ, ಜನರಲ್ ಅವಳನ್ನು ಬೆಳಗ್ಗೆ ಏಳಕ್ಕೆ ಗಾಡಿ ಹತ್ತಿಸಿ ಹೊರಹಾಕುತ್ತಾನೆ. 70 ಮೈಲಿ ದಾರಿ, ಜೊತೆಗೆ ಒಬ್ಬ ಆಳೂ ಇಲ್ಲ. ಕೊಲೆಯ ಊಹೆ ಸುಳ್ಳಾಗಿತ್ತು, ಮನುಷ್ಯನ ಸ್ವಭಾವದ ಅಂದಾಜು ಸುಳ್ಳಾಗಿರಲಿಲ್ಲ. ಅವನ ಕ್ರೌರ್ಯವನ್ನು ತಾನೇನೂ ಹೆಚ್ಚು ಮಾಡಿ ಕಂಡಿರಲಿಲ್ಲ ಎಂದು ಕೊನೆಗೆ ಅವಳಿಗೇ ಅನಿಸುತ್ತದೆ.