ಕತ್ತಿನ ಮಡಿಕೆಯಲ್ಲಿ ಅಡಗಿದ್ದ ಗುರುತು

ಮಳೆಗಾಲದ ಶುರುವಿನಲ್ಲಿ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ನಡೆದರೆ, ಮರದ ಬೊಡ್ಡೆಗೆ ಅವುಚಿಕೊಂಡ ಸಣ್ಣ ಓತಿಯೊಂದು ಕಣ್ಣಿಗೆ ಬೀಳಬಹುದು. ತಲೆ ಇಟ್ಟಿಗೆಗೆಂಪು, ಕೆನ್ನೆ ಕಪ್ಪು. ಬೇಲಿಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತವೇ ಇಲ್ಲಿ ಬಣ್ಣ ಬದಲಿಸಿ ಕೂತಿದೆ ಎಂದುಕೊಂಡು ಹೆಚ್ಚಿನವರು ಮುಂದೆ ಹೋಗುತ್ತಾರೆ. ಆದರೆ ಇದು ಬೇರೆಯದೇ ಪ್ರಾಣಿ: ಮಾನಿಲೆಸಾರಸ್ ರೂಕ್ಸಿ.

ಓತಿಗಳ ಲೋಕದಲ್ಲಿ ಬಣ್ಣ ನಂಬಿ ಮೋಸಹೋಗುವುದು ಬಲು ಸುಲಭ. ಆ ಕೆಂಪು ಬರುವುದು ಗಂಡಿಗೆ ಮಾತ್ರ, ಅದೂ ಬೆದೆಯ ಕಾಲದಲ್ಲಿ. ಹೆಣ್ಣು, ಮರಿಗಳೆಲ್ಲ ತರಗೆಲೆಯ ಕಂದು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತದೆ ಗಾದೆ. ಪ್ರಭೇದ ಗುರುತಿಸಲು ಹೊರಟವರಿಗೆ ಮಾತ್ರ ಅದರ ಹುರುಪೆಯೇ ಸಾಕ್ಷಿ.

ಬೇಲಿಯ ಓತಿಯ ಪಕ್ಕೆ ನೋಡಿ: ಹುರುಪೆಗಳ ತುದಿ ಹಿಂದಕ್ಕೆ, ಮೇಲಕ್ಕೆ ಚಾಚಿರುತ್ತವೆ. ಕಾಡಿನ ಈ ಓತಿಯಲ್ಲಿ ಬೆನ್ನಿನ ಅಂಚಿನ ಸಾಲು ಬಿಟ್ಟರೆ ಉಳಿದವು ಕೆಳಮುಖ. ಕಿವಿಯ ಮೇಲೆ ಒಂದೊಂದು ಬದಿಗೂ ಸಣ್ಣ ಮುಳ್ಳುಗಳಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಭುಜದ ಮುಂದೆ ಓರೆಯಾಗಿ ಇಳಿಯುವ ಚರ್ಮದ ಮಡಿಕೆ. ಅದರೊಳಗೆ ರವೆಯಂಥ ಸಣ್ಣ ಹುರುಪೆಗಳು, ಕಪ್ಪು ಬಣ್ಣ. ಕತ್ತಿಗೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ. ಲ್ಯಾಟಿನ್‌ನಲ್ಲಿ ‘ಮಾನಿಲೆ’ ಎಂದರೆ ಕಂಠಹಾರ.

ಈ ಹೆಸರು ತೀರ ಹೊಸದು. 1837ರಲ್ಲಿ ಫ್ರಾನ್ಸಿನ ಡ್ಯುಮೆರಿಲ್ ಮತ್ತು ಬಿಬ್ರಾನ್ ಇದನ್ನು ವರ್ಣಿಸಿದಾಗ ಕ್ಯಾಲೋಟಿಸ್ ಕುಲಕ್ಕೆ, ಎಂದರೆ ಬೇಲಿಯ ಓತಿಯ ಕುಲಕ್ಕೇ ಸೇರಿಸಿದ್ದರು. ‘ರೂಕ್ಸಿ’ ಎಂಬುದು 1833ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಚಿತ್ರಕಾರ, ನಿಸರ್ಗತಜ್ಞ ಪೊಲಿಡೋರ್ ರೂ ಅವರ ನೆನಪು. ಇದರ ಹತ್ತಿರದ ನೆಂಟ ‘ಎಲಿಯಟಿ’ಗೆ 1864ರಲ್ಲಿ ಸಿಕ್ಕಿದ್ದು ವಾಲ್ಟರ್ ಎಲಿಯಟ್‌ನ ಹೆಸರು. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಇದೇ ಎಲಿಯಟ್! ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿದವನೂ ಅವನೇ. ಓತಿಯ ಬಾಲ ಹಿಡಿದು ಹೊರಟರೆ ಇಂಥ ಕಡೆಗೂ ತಲುಪಬಹುದು.

ಶತಮಾನಕ್ಕೂ ಮೀರಿ ಇವೆಲ್ಲ ಒಂದೇ ಕುಲದಲ್ಲಿ ಕೂತಿದ್ದವು. ಆಮೇಲೆ ಸಂಶೋಧಕರು ಘಟ್ಟದುದ್ದಕ್ಕೂ ಮಾದರಿಗಳನ್ನು ಕಲೆಹಾಕಿ ಡಿಎನ್‌ಎ ಹೋಲಿಸಿದರು. ಮಡಿಕೆಯ ಓತಿಗಳು ಒಟ್ಟಾಗಿ ಬೇರೆಯದೇ ಕೊಂಬೆಯಲ್ಲಿ ನಿಂತವು. ಕಣ್ಣಿಗೆ ಕಾಣುವ ಮಡಿಕೆ ಮತ್ತು ಕಾಣದ ಜೀನ್ ಎರಡೂ ಒಂದೇ ಮಾತು ಹೇಳಿದ್ದರಿಂದ 2018ರಲ್ಲಿ ಮಾನಿಲೆಸಾರಸ್ ಎಂಬ ಹೊಸ ಕುಲ ಹುಟ್ಟಿತು. ರೂಕ್ಸಿ, ಎಲಿಯಟಿಗಳ ಜೊತೆಗೆ ಎರಡು ಹೊಸ ಪ್ರಭೇದಗಳೂ ಅದರಲ್ಲಿ ಸೇರಿದವು: ಮುಳ್ಳುತಲೆಯ ಅಕಾಂಥೊಸೆಫಾಲಸ್, ಬೆಟ್ಟದ ಮೊಂಟಾನಸ್. ಕಿತ್ತಳೆತುಟಿಯ ಇನ್ನೊಂದು ಓತಿಗೆ ಮೈಕ್ರೋಆರಿಸ್, ಅಂದರೆ ಪುಟ್ಟಕಿವಿ, ಎಂಬ ಪ್ರತ್ಯೇಕ ಕುಲವೇ ಸಿಕ್ಕಿತು.

ಬೇಲಿಯ ಓತಿಗೂ ನೆಮ್ಮದಿಯಿಲ್ಲ. 1802ರಲ್ಲಿ ಫ್ರಾನ್ಸಿನ ನಿಸರ್ಗತಜ್ಞ ದೊದಾಂ ಅದಕ್ಕೆ ‘ವರ್ಸಿಕಲರ್’ ಎಂಬ ಹೆಸರಿಟ್ಟಾಗ ಆಧಾರವಾಗಿದ್ದ ಮೂಲ ಮಾದರಿಯೇ ಕಳೆದುಹೋಗಿತ್ತು. ಪುದುಚೇರಿಯ ಓತಿಯೊಂದನ್ನು ಹೊಸ ಮಾದರಿಯಾಗಿ ಆರಿಸಿದ ಮೇಲೆ, 2021ರ ಅಧ್ಯಯನ ಈ ಒಂದು ಹೆಸರಿನಡಿ ಹಲವು ಪ್ರಭೇದಗಳಿರುವುದನ್ನು ತೋರಿಸಿತು. ಹಳೆಯ ಹೆಸರು ಉಳಿದದ್ದು ದಕ್ಷಿಣದ ಓತಿಗೆ, ನಮ್ಮ ಬೇಲಿಯದಕ್ಕೆ.