ಒಂದು ಕಡ್ಡಿ ಟವರ್, ಅರ್ಧ ದಿನದ ಚಾರ್ಜ್

"ಫೋನು ಹಾಳಾಗಿದೆ ಕಣೋ, ಚಾರ್ಜೇ ನಿಲ್ತಿಲ್ಲ" ಅಂತ ಅಮ್ಮ ಊರಿಂದ ಬಂದವರೇ ಫೋನನ್ನು ನನ್ನ ಕೈಗಿಟ್ಟರು. ನಮ್ಮೂರು ಸಕಲೇಶಪುರದ ಹತ್ತಿರ. ಬ್ಯಾಟರಿ ಬದಲಿಸಬೇಕೇನೋ ಅಂತ ನಾನೂ ಅಂದುಕೊಂಡೆ. ಆದರೆ ಬೆಂಗಳೂರಿನ ಮನೆಯಲ್ಲಿ ವೈಫೈ ಹಾಕಿಕೊಟ್ಟ ಮೇಲೆ ಅದೇ ಫೋನು ರಾತ್ರಿ ಮಲಗುವ ತನಕ ನಡೆಯಿತು. ಅಮ್ಮ ಊರಿಗೆ ಹೋದರು, ಮೊಬೈಲ್ ಡೇಟಾದಲ್ಲಿ ಮತ್ತೆ ಮಧ್ಯಾಹ್ನಕ್ಕೇ ಖಾಲಿ!

ನಾವು ಸುಮ್ನೆ ವೀಡಿಯೊ ನೋಡುತ್ತಿದ್ದೇವೆ ಅಂದುಕೊಂಡಾಗಲೂ ಫೋನು ಮಾತಾಡುತ್ತಲೇ ಇರುತ್ತದೆ. ಈ ತುಂಡು ಬಂತು, ಮುಂದಿನದು ಕಳಿಸು ಅಂತ ಉತ್ತರ ಕೊಡುತ್ತಿರುತ್ತದೆ. ವೈಫೈ ರೂಟರ್ ಅದೇ ಮನೆಯಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿದ್ದರೆ ಪಿಸುಮಾತು ಸಾಕು. ಮೊಬೈಲ್ ಟವರ್ ಗುಡ್ಡದ ಆಚೆ ಇದ್ದರೆ? ಕೂಗಳತೆಯನ್ನೂ ಮೀರಿದ ದೂರ. ದನಿ ಕೇಳುತ್ತಿಲ್ಲ, ಜೋರು ಮಾಡು ಅಂತ ಟವರೇ ಫೋನಿಗೆ ಹೇಳುತ್ತಿರುತ್ತದೆ. ಸಾಮಾನ್ಯ 4ಜಿ ಫೋನು ಹೀಗೆ ತನ್ನ ದನಿಯನ್ನು, ಅಂದರೆ ತಾನು ಕಳಿಸುವ ಸಿಗ್ನಲ್ಲಿನ ಬಲವನ್ನು, ಸುಮಾರು 200 ಮಿಲಿವ್ಯಾಟ್ ತನಕ ಏರಿಸಬಲ್ಲದು. ಬ್ಯಾಟರಿಯಿಂದ ಎಳೆಯುವುದು ಅದಕ್ಕಿಂತ ತುಂಬಾ ಜಾಸ್ತಿ, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಟವರ್ ಸರಿಯಾಗಿ ಸಿಗದ ಜಾಗದಲ್ಲಿ ಫೋನು ಬೆಚ್ಚಗಾಗುವುದು ಇದರಿಂದಲೇ.

ಮುಂದಿನ ಸಲ ಊರಿಗೆ ಹೋದಾಗ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದು, ಸಿಗ್ನಲ್ ಎಷ್ಟಿದೆ ಅಂತ ನೋಡುತ್ತಾ ಮನೆಯೆಲ್ಲ ಸುತ್ತಿದೆ. ಅಮ್ಮ ಫೋನಿಡುವುದು ಅಡುಗೆಮನೆಯಲ್ಲಿ, ದಪ್ಪ ಮಣ್ಣಿನ ಗೋಡೆಯ ಪಕ್ಕ, ಸ್ಟೀಲ್ ಡಬ್ಬಗಳಿಗೆ ಒರಗಿಸಿ. ಅಲ್ಲಿ ಮೈನಸ್ 115 ಡಿಬಿಎಂ. ಇದು ಸಿಗ್ನಲ್ ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜಾಸ್ತಿ. ಜಗಲಿಗೆ ಬಂದರೆ ಮೈನಸ್ 95. ನೋಡಲು ಸಣ್ಣ ವ್ಯತ್ಯಾಸ, ಅಲ್ವಾ? ಆದರೆ ಈ ಲೆಕ್ಕದಲ್ಲಿ ಪ್ರತಿ 10ಕ್ಕೆ ಹತ್ತು ಪಟ್ಟು. ಅಂದರೆ 20ರ ವ್ಯತ್ಯಾಸಕ್ಕೆ ಜಗಲಿಯಲ್ಲಿ ಸಿಗ್ನಲ್ ನೂರು ಪಟ್ಟು ಜಾಸ್ತಿ! ಇಡೀ ದಿನ ಆ ಫೋನು ಡಬ್ಬಗಳ ಸಂದಿಯಿಂದ ಗಂಟಲು ಹರಿಯುವಂತೆ ಕೂಗುತ್ತಿತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

ಕೂಗು ಮುಗಿದರೂ ಖರ್ಚು ನಿಲ್ಲುವುದಿಲ್ಲ. 4ಜಿಯಲ್ಲಿ ಒಂದು ಸಣ್ಣ ಮೆಸೇಜ್ ಬಂದು ಹೋದ ಮೇಲೂ, ಇನ್ನೇನಾದರೂ ಬರಬಹುದು ಅಂತ ಫೋನಿನ ರೇಡಿಯೊ ಸುಮಾರು ಹತ್ತು ಸೆಕೆಂಡ್ ಎಚ್ಚರವಾಗಿಯೇ ಕಾಯುತ್ತದೆ. ಮನೆಮಂದಿಯ ಗ್ರೂಪಿನಲ್ಲಿ ಬಿಟ್ಟು ಬಿಟ್ಟು ಬರುವ ಹತ್ತು ಶುಭೋದಯಗಳು ಹೀಗೆ ಹತ್ತು ಸಲ ಎಬ್ಬಿಸುತ್ತವೆ. ವೈಫೈನಲ್ಲಿ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಯಾರಿಗೆ ಏನು ಬಂದಿದೆ ಅಂತ ಸಾರುತ್ತದೆ. ಫೋನು ಅರೆಕ್ಷಣ ಕಣ್ಣು ಬಿಟ್ಟು ನೋಡಿ, ತನಗೇನೂ ಇಲ್ಲದಿದ್ದರೆ ಮತ್ತೆ ನಿದ್ದೆಗೆ ಜಾರುತ್ತದೆ.

ಟವರ್ ಪೂರ್ತಿ ಕೈಕೊಟ್ಟರೂ ಕಷ್ಟವೇ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಇಳಿಯುವಾಗ 57 ಸುರಂಗಗಳಿವೆ. ಕಾಡು, ಕತ್ತಲೆ, ಮತ್ತೆ ಕಾಡು. ಫೋನು ಒಂದೊಂದೇ ಬ್ಯಾಂಡ್ (ರೇಡಿಯೊ ತರಂಗಗಳ ಪಟ್ಟಿ) ತಡಕಾಡುತ್ತಾ ಟವರ್ ಹುಡುಕುತ್ತಲೇ ಇರುತ್ತದೆ. ಅಲ್ಲಿ ಏರೋಪ್ಲೇನ್ ಮೋಡ್ ಹಾಕಿಬಿಡಿ, ಕಿಟಕಿಯಾಚೆ ನೋಡಲು ಬೇಕಾದಷ್ಟಿದೆ.

ಹಾಗಂತ ವೈಫೈ ಯಾವಾಗಲೂ ಗೆಲ್ಲುತ್ತದೆ ಅಂತಲ್ಲ. ರೂಟರ್ ಮೂರು ಗೋಡೆ ಆಚೆ ಇದ್ದು, ಟವರ್ ಎದುರುಗಡೆಯೇ ಇದ್ದರೆ ಲೆಕ್ಕ ತಿರುಗಬಹುದು. ಇನ್ನೊಂದು ಮಾತು, ವೈಫೈನಲ್ಲಿದ್ದರೂ ಕರೆಗಾಗಿ ಸಿಮ್ ಟವರಿನ ನಂಟು ಬಿಡುವುದಿಲ್ಲ. ಟವರ್ ತೀರಾ ಕಮ್ಮಿ ಇರುವ ಮನೆಯಲ್ಲಿ, ವೈಫೈ ಕಾಲಿಂಗ್ ಸೌಲಭ್ಯ ಇದ್ದರೆ, ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ. ಕರೆಗಳೂ ಅದರಲ್ಲೇ ಬರುತ್ತವೆ.

ಊರಿಗೆ ಫೈಬರ್ ಬಂದ ಮೇಲೆ ಜಗಲಿಯಲ್ಲಿ ರೂಟರ್ ಹಾಕಿಸಿದೆ. ಅಮ್ಮ ಈಗ ಫೋನನ್ನು ಅದರ ಪಕ್ಕದ ಕಿಟಕಿಯಲ್ಲಿ ಇಡುತ್ತಾರೆ. ಬ್ಯಾಟರಿ ಅದೇ ಹಳೆಯದು. ರಾತ್ರಿ ಊಟದ ಹೊತ್ತಿಗೂ ಅರ್ಧ ಚಾರ್ಜ್ ಉಳಿದಿರುತ್ತದೆ.